ಪಂದ್ಯ ಅವರದು, ಎದೆಬಡಿತ ನಮ್ಮದು

ಫುಟ್‌ಬಾಲ್ ನೋಡುವುದು ಮನರಂಜನೆ ಎಂದು ಯಾರಾದರೂ ಹೇಳಿದರೆ, ಅವರು ಇನ್ನೂ ಯಾವ ತಂಡವನ್ನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ ಎಂದೇ ತಿಳಿಯಬೇಕು. ಮನರಂಜನೆಗೆ ಕುಳಿತವರು ಉಗುರು ಕಚ್ಚುವುದಿಲ್ಲ. ಎಂಬತ್ತನೇ ನಿಮಿಷಕ್ಕೆ ಎದ್ದು ಹೊರಗೆ ಹೋಗಿ, ಬಾಗಿಲ ಸಂದಿಯಿಂದ ಸ್ಕೋರು ಇಣುಕಿ ನೋಡುವುದೂ ಇಲ್ಲ. ಇವನ್ನೆಲ್ಲ ಮಾಡುವ ನಮ್ಮಂಥವರ ಸ್ಥಿತಿಗೆ ಬೇರೆಯೇ ಹೆಸರು ಬೇಕು.

2025ರ ಏಪ್ರಿಲ್ 12ರ ರಾತ್ರಿಯನ್ನೇ ತೆಗೆದುಕೊಳ್ಳಿ. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫೈನಲ್. ಒಂದು ಕಡೆ ಮೋಹನ್ ಬಾಗನ್, ಇನ್ನೊಂದು ಕಡೆ ನಮ್ಮ ಬೆಂಗಳೂರು ಎಫ್‌ಸಿ. ದ್ವಿತೀಯಾರ್ಧ ಶುರುವಾಗಿ ನಾಲ್ಕು ನಿಮಿಷಕ್ಕೆ ಎದುರಾಳಿ ಡಿಫೆಂಡರ್ ಕಾಲಿಗೆ ತಾಗಿ ಚೆಂಡು ಅವರದೇ ಬಲೆಗೆ ಹೋಯಿತು. ನಾವು 1–0. ಆಮೇಲಿನ ಇಪ್ಪತ್ತು ಚಿಲ್ಲರೆ ನಿಮಿಷ ಇದೆಯಲ್ಲ, ಅದನ್ನು ಅನುಭವಿಸಿದವರಿಗೇ ಗೊತ್ತು. ಹಿಂದೆ ಇದ್ದಾಗ ಇರುವ ಸಂಕಟಕ್ಕಿಂತ ಮುಂದೆ ಇದ್ದಾಗ ಇರುವ ಸಂಕಟ ದೊಡ್ಡದು. ಕಳೆದುಕೊಳ್ಳಲು ಕೈಯಲ್ಲಿ ಏನೋ ಇರುತ್ತದೆ ನೋಡಿ. 72ನೇ ನಿಮಿಷಕ್ಕೆ ಚೆಂಡು ಕೈಗೆ ತಾಗಿ ಪೆನಾಲ್ಟಿ, ಕಮಿಂಗ್ಸ್ ಹೊಡೆದ, 1–1. ಹೆಚ್ಚುವರಿ ಸಮಯದಲ್ಲಿ 96ನೇ ನಿಮಿಷಕ್ಕೆ ಮೆಕ್ಲಾರೆನ್ ಹೊಡೆದ. ಮುಗಿಯಿತು.

ಇದಕ್ಕೆ ಆರೇ ದಿನ ಮೊದಲು ಗೋವಾದಲ್ಲಿ ಸೆಮಿಫೈನಲ್‌ನ ಎರಡನೇ ಹಣಾಹಣಿ ಇತ್ತು. ಮೊದಲ ಪಂದ್ಯದಲ್ಲಿ ನಾವು 2–0 ಗೆದ್ದಿದ್ದೆವು. ಅಲ್ಲಿ ಅವರು ಎರಡೂ ಗೋಲು ವಾಪಸು ಕೊಟ್ಟು ಲೆಕ್ಕ ಸಮ ಮಾಡಿದರು. ಹೆಚ್ಚುವರಿ ಸಮಯಕ್ಕೆ ಹೋಗುವುದು ಖಾತ್ರಿ ಅನಿಸಿದಾಗ 92ನೇ ನಿಮಿಷಕ್ಕೆ ನಲವತ್ತು ವರ್ಷದ ಸುನಿಲ್ ಚೆಟ್ರಿ ತಲೆಯಿಂದ ಗೋಲು ಹೊಡೆದರು. ಹಾಸ್ಟೆಲ್‌ನಲ್ಲಿ ನಾನು ಕೂಗಿದ್ದಕ್ಕೆ ಪಕ್ಕದ ಕೋಣೆಯವರು ಏನಾಯಿತೋ ಎಂದು ಓಡಿ ಬಂದರು. ಒಂದು ವಾರದೊಳಗೆ ಒಬ್ಬ ಮನುಷ್ಯನನ್ನು ಆಕಾಶಕ್ಕೆ ಎತ್ತಿ ನೆಲಕ್ಕೆ ಬಿಡುವ ಇನ್ನೊಂದು ಯಂತ್ರ ಇದ್ದರೆ ಹೇಳಿ. ವಿಟಿಯು ಫಲಿತಾಂಶ ಬಿಟ್ಟು.

ನಮ್ಮೂರು ರಬಕವಿಯಲ್ಲಿ ಈ ಹುಚ್ಚಿಗೆ ಜೊತೆ ಸಿಗುವುದು ಕಷ್ಟ. ಇದು ಮಗ್ಗದ ಊರು. ರಬಕವಿ–ಬನಹಟ್ಟಿಯ ಓಣಿಗಳಲ್ಲಿ ರಾತ್ರಿಯೂ ಪವರ್‌ಲೂಮಿನ ಸದ್ದು ನಿಲ್ಲುವುದಿಲ್ಲ. ಮಗ್ಗದ ಮುಂದೆ ನಿಂತವರು ಮೇಲೊಂದು ಮೊಬೈಲ್ ಸಿಕ್ಕಿಸಿಕೊಂಡು ಪಂದ್ಯ ನೋಡುತ್ತಾರೆ ನಿಜ. ಆದರೆ ಅದು ಕ್ರಿಕೆಟ್, ಅದರಲ್ಲೂ ಆರ್‌ಸಿಬಿ. ನಾನು ರಜೆಗೆ ಹೋದಾಗ ಫುಟ್‌ಬಾಲ್ ಹಾಕಿಕೊಂಡು ಕುಳಿತದ್ದನ್ನು ನೋಡಿ ಕಾಕಾ ಕೇಳಿದರು.

‘ಆ ಟೀಮಿನ್ಯಾಗ ನಮ್ಮ ಕಡೀ ಹುಡುಗರು ಯಾರರ ಅದಾರೇನೋ ತಮ್ಮಾ?’

‘ಇಲ್ಲ ಕಾಕಾ.’

‘ಮತ್ತ ಯಾಕ ಊಟಾ ಬಿಟ್ಟ ಕುಂತೀಯೋ?’

ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದೇ ಕಾಕಾ ಜಾತ್ರೆಯ ಕುಸ್ತಿ ಕಣದಲ್ಲಿ ಹೇಗಿರುತ್ತಾರೆ ಎಂಬುದನ್ನು ನಾನು ನೋಡಿದ್ದೇನೆ. ಪೈಲ್ವಾನ ಯಾರೋ, ಊರು ಯಾವುದೋ. ಕಾಕಾ ಮಾತ್ರ ಮುಷ್ಟಿ ಬಿಗಿ ಹಿಡಿದು, ಪೈಲ್ವಾನ ಬಗ್ಗಿದರೆ ತಾವೂ ಬಗ್ಗಿ, ತಿರುಗಿದರೆ ತಾವೂ ತಿರುಗಿ, ಕುಸ್ತಿ ಮುಗಿಯುವ ಹೊತ್ತಿಗೆ ಬೆವೆತು ಹೋಗಿರುತ್ತಾರೆ. ಕಾಯಿಲೆ ಒಂದೇ, ಅಖಾಡ ಬೇರೆ.

ಈ ಒತ್ತಡ ಬರೀ ಮನಸ್ಸಿನದಲ್ಲ, ದೇಹದ್ದೂ ಹೌದು ಎಂಬುದಕ್ಕೆ ಲೆಕ್ಕ ಇದೆ. 2006ರ ವಿಶ್ವಕಪ್ ಜರ್ಮನಿಯಲ್ಲೇ ನಡೆಯಿತು. ಮ್ಯೂನಿಕ್ ಸುತ್ತಲಿನ ವೈದ್ಯರು ಆ ತಿಂಗಳಲ್ಲಿ ಹೃದಯದ ತೊಂದರೆಗೆ ತುರ್ತು ಚಿಕಿತ್ಸೆ ಪಡೆದವರನ್ನು ಎಣಿಸಿದರು. ಜರ್ಮನಿ ತಂಡ ಆಡಿದ ದಿನಗಳಲ್ಲಿ ಅವರ ಸಂಖ್ಯೆ ಸಾಮಾನ್ಯ ದಿನಗಳಿಗಿಂತ 2.66 ಪಟ್ಟು ಇತ್ತು. ಗಂಡಸರಲ್ಲಿ ಇದು ಮೂರು ಪಟ್ಟಿಗೂ ಹೆಚ್ಚು. ಮೊದಲೇ ಹೃದ್ರೋಗ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. 1998ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ತಂಡ ಅರ್ಜೆಂಟೀನಾ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಆ ದಿನ ಮತ್ತು ಮುಂದಿನ ಎರಡು ದಿನ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ದಾಖಲಾದವರು ಶೇ 25ರಷ್ಟು ಹೆಚ್ಚು. ಆಡಿದ ಹನ್ನೊಂದು ಮಂದಿ ಮನೆಗೆ ಹೋದರು, ನೋಡಿದವರು ಆಸ್ಪತ್ರೆಗೆ ಹೋದರು.

ಆಡುವವನಿಗಿಂತ ನೋಡುವವನಿಗೆ ಯಾಕಿಷ್ಟು ಸಂಕಟ? ನಮ್ಮ ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ ಪ್ರೇಕ್ಷಕ ಒಂದು ಓಪನ್ ಲೂಪ್ ವ್ಯವಸ್ಥೆ. ಒಳಗೆ ಬರುವ ಸಿಗ್ನಲ್ ಇದೆ, ಅದಕ್ಕೆ ದೇಹದ ಪ್ರತಿಕ್ರಿಯೆಯೂ ಇದೆ. ಆದರೆ ಆ ಪ್ರತಿಕ್ರಿಯೆ ವಾಪಸು ಹೋಗಿ ಆಟವನ್ನು ಮುಟ್ಟುವ ದಾರಿಯೇ ಇಲ್ಲ. ಚೆಟ್ರಿಗೆ ಹೆದರಿಕೆಯಾದರೆ ಓಡಬಹುದು, ಪಾಸ್ ಮಾಡಬಹುದು. ರಬಕವಿಯಲ್ಲಿ ಕುಳಿತವನು ಹೆದರಿದರೆ ಏನು ಮಾಡಬೇಕು? ಅದಕ್ಕೇ ನಾವು ಸುಳ್ಳು ದಾರಿಗಳನ್ನು ಕಟ್ಟಿಕೊಳ್ಳುತ್ತೇವೆ. ಅದೇ ಅಂಗಿ, ಅದೇ ಕುರ್ಚಿ. ಹೋದ ಸಲ ಗೆದ್ದಾಗ ಅವ್ವ ಚಹಾ ಕೊಟ್ಟಿದ್ದಳು, ಈಗಲೂ ಅದೇ ಹೊತ್ತಿಗೆ ಚಹಾ ಬೇಕು. ಗ್ರಾಫ್ ಬರೆದು ಕಾರಣ–ಪರಿಣಾಮ ಕಲಿಯುವ ಹುಡುಗರೇ ಇದನ್ನು ಮಾಡುತ್ತೇವೆ ಎನ್ನುವುದು ತಮಾಷೆ.

ಕ್ರಿಕೆಟ್‌ಗೂ ಫುಟ್‌ಬಾಲ್‌ಗೂ ಇಲ್ಲೊಂದು ವ್ಯತ್ಯಾಸ ಇದೆ. ಕ್ರಿಕೆಟ್ ಒತ್ತಡವನ್ನು ಕಂತಿನಲ್ಲಿ ಕೊಡುತ್ತದೆ. ಇಷ್ಟು ಬಾಲಿಗೆ ಇಷ್ಟು ರನ್ ಎಂಬ ಲೆಕ್ಕ ಪರದೆಯ ಮೇಲೇ ಇರುತ್ತದೆ. ಓವರ್ ಮುಗಿದರೆ ಜಾಹೀರಾತು, ಉಸಿರು ಬಿಡಲು ಜಾಗ. 2025ರ ಐಪಿಎಲ್ ಫೈನಲ್‌ನ ಕೊನೆಯ ಓವರ್‌ನಲ್ಲಿ ಪಂಜಾಬಿಗೆ 29 ರನ್ ಬೇಕಿತ್ತು. ಹೇಜಲ್‌ವುಡ್‌ನ ಮೊದಲ ಎರಡು ಎಸೆತಕ್ಕೆ ರನ್ ಬರದೇ ಹೋದಾಗ ಲೆಕ್ಕ ಗೊತ್ತಿದ್ದವರಿಗೆಲ್ಲ ಕಪ್ ಬಂದಾಯಿತು ಎಂದು ಖಾತ್ರಿಯಾಗಿತ್ತು. ಆಮೇಲೆ ಶಶಾಂಕ್ ಸಿಂಗ್ ಸಿಕ್ಸರ್ ಮೇಲೆ ಸಿಕ್ಸರ್ ಹೊಡೆದರೂ ಯಾರ ಎದೆಯೂ ನಡುಗಲಿಲ್ಲ. ಫುಟ್‌ಬಾಲ್‌ನಲ್ಲಿ ಹೀಗೆ ಖಾತ್ರಿ ಸಿಗುವುದಿಲ್ಲ. ಇಡೀ ಪಂದ್ಯಕ್ಕೆ ಎರಡೋ ಮೂರೋ ಗೋಲು. 89 ನಿಮಿಷ ಚೆನ್ನಾಗಿ ಆಡಿದವರೂ ಒಂದು ಕ್ಷಣಕ್ಕೆ ಎಲ್ಲ ಕಳೆದುಕೊಳ್ಳಬಹುದು. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಐ–ಲೀಗ್‌ನ ಕೊನೆಯ ಪಂದ್ಯ ನಡೆಯಿತು. ಬೆಂಗಳೂರು ಗೆದ್ದರೆ ಪ್ರಶಸ್ತಿ, ಮೋಹನ್ ಬಾಗನ್‌ಗೆ ಡ್ರಾ ಸಾಕು. ಬೆಂಗಳೂರು 1–0 ಮುಂದಿತ್ತು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆ ಕೊಟ್ಟ, ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ನಾನಾಗ ಪ್ರಾಥಮಿಕ ಶಾಲೆ ಹುಡುಗ, ನೋಡಿರಲಿಲ್ಲ. ಆಮೇಲೆ ವಿಡಿಯೊದಲ್ಲಿ ನೋಡಿದೆ. ಫಲಿತಾಂಶ ಗೊತ್ತಿದ್ದೂ 86ನೇ ನಿಮಿಷಕ್ಕೆ ಬೆರಳು ಪಾಸ್ ಗುಂಡಿಯ ಮೇಲೆ ಹೋಗಿತ್ತು.

ಮೊಬೈಲ್ ಬಂದು ಈ ಸಂಕಟಕ್ಕೆ ಹೊಸದೊಂದು ಸೇರಿಸಿದೆ. ಆ್ಯಪ್‌ನಲ್ಲಿ ಬರುವ ಪಂದ್ಯ ನಿಜವಾದ ಆಟಕ್ಕಿಂತ ಎಷ್ಟೋ ಸೆಕೆಂಡು ಹಿಂದೆ ಓಡುತ್ತಿರುತ್ತದೆ. ನಮ್ಮ ಕಡೆಯ ನೆಟ್‌ವರ್ಕ್‌ನಲ್ಲಿ ಇನ್ನೂ ಹಿಂದೆ. ಪರದೆಯಲ್ಲಿ ಫ್ರೀ ಕಿಕ್‌ಗೆ ಗೋಡೆ ಕಟ್ಟುತ್ತಿರುತ್ತಾರೆ, ಅಷ್ಟರಲ್ಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಂಗಳೂರಿನ ಗೆಳೆಯನ ‘ಅಯ್ಯೋ’ ಬಂದು ಬೀಳುತ್ತದೆ. ಆ ‘ಅಯ್ಯೋ’ ನಮಗೆ ಗೋಲು ತಪ್ಪಿದ್ದಕ್ಕೋ, ಅವರಿಗೆ ಗೋಲು ಸಿಕ್ಕಿದ್ದಕ್ಕೋ? ಚೆಂಡು ಇನ್ನೂ ನೆಲದ ಮೇಲೇ ಇದೆ, ಭವಿಷ್ಯ ಮಾತ್ರ ಆಗಲೇ ಬಂದಿದೆ. ನಾನೀಗ ಪಂದ್ಯದ ದಿನ ಗುಂಪನ್ನೇ ಮ್ಯೂಟ್ ಮಾಡುತ್ತೇನೆ. ಓದುಗರಲ್ಲಿ ಯಾರಾದರೂ ಫೈನಲ್‌ಗೆ ತಯಾರಾಗುತ್ತಿದ್ದರೆ ಇದೊಂದನ್ನು ಮಾಡಿ, ಅರ್ಧ ನೋವು ಕಡಿಮೆ.

ಇನ್ನು ಭಾಷೆಯ ವಿಷಯ. ಗೆದ್ದ ಮರುದಿನ ನಮ್ಮ ಹುಡುಗರು ‘ನಾವು ಗೆದ್ವಿ’ ಅನ್ನುತ್ತಾರೆ. ಸೋತ ಮರುದಿನ ‘ಅವರು ಸೋತ್ರಲೆ’ ಅನ್ನುತ್ತಾರೆ. ಇದನ್ನು ಬರೀ ನಮ್ಮವರ ಚಾಳಿ ಎಂದುಕೊಳ್ಳಬೇಡಿ. ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲೇ ಇದನ್ನು ಗುರುತಿಸಿದ್ದರು. ಕಾಲೇಜಿನ ತಂಡ ಗೆದ್ದ ನಂತರದ ಸೋಮವಾರ ವಿದ್ಯಾರ್ಥಿಗಳು ಕಾಲೇಜಿನ ಹೆಸರಿರುವ ಅಂಗಿ ತೊಟ್ಟು ಬರುವುದು ಹೆಚ್ಚು. ಪಂದ್ಯದ ಬಗ್ಗೆ ಕೇಳಿದಾಗಲೂ ಗೆಲುವಿಗೆ ‘ನಾವು’ ಎಂಬ ಮಾತು ಹೆಚ್ಚು ಬರುತ್ತಿತ್ತು. ಇನ್ನೊಬ್ಬರ ಬೆಳಕಿನಲ್ಲಿ ಸ್ವಲ್ಪ ಮೈ ಕಾಯಿಸಿಕೊಳ್ಳುವುದು ಎಂದರೆ ಇದೇ. ಪ್ಲೇಸ್‌ಮೆಂಟ್‌ಗೆ ಕಾಯುತ್ತಿರುವ, ನಾಲ್ಕನೇ ಸಲ ಅರ್ಜಿ ತುಂಬುತ್ತಿರುವ ಹುಡುಗರಿಗೆ ಆ ಬೆಳಕು ಇನ್ನಷ್ಟು ಬೇಕಾಗುತ್ತದೆ. ನಮ್ಮ ಹೆಸರಿನ ಮುಂದೆ ಗೆಲುವು ಬರೆಯಲು ಸದ್ಯಕ್ಕೆ ಬೇರೆ ಏನೂ ಇಲ್ಲದಿದ್ದಾಗ, ವಾರಕ್ಕೊಮ್ಮೆ ತೊಂಬತ್ತು ನಿಮಿಷದಲ್ಲಿ ಸಿಗುವ ಗೆಲುವು ಸಣ್ಣದಲ್ಲ. ಸೋತರೆ ಆಗುವ ನೋವೂ ಬರೀ ಆಟದ್ದಲ್ಲ.

ಅದಕ್ಕೇ ಈ ಒತ್ತಡ ಹಣದ ಕಡೆ ತಿರುಗಿದಾಗ ಅಪಾಯ. ಫ್ಯಾಂಟಸಿ ಆ್ಯಪ್‌ಗಳಲ್ಲಿ ‘ನನ್ನ ತಂಡ’ ಕಟ್ಟಿ ಮೆಸ್‌ನ ದುಡ್ಡು ಹಾಕಿದವರನ್ನು ಪ್ರತಿ ಹಾಸ್ಟೆಲ್ ನೋಡಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಒಪ್ಪಿದ ಮೇಲೆ ಹಣ ಕಟ್ಟಿ ಆಡುವ ದೊಡ್ಡ ಆ್ಯಪ್‌ಗಳು ಆ ಸ್ಪರ್ಧೆಗಳನ್ನು ನಿಲ್ಲಿಸಿದವು. ಹಣ ಹಾಕಿದವನು ಪಂದ್ಯವನ್ನೇ ನೋಡುವುದಿಲ್ಲ, ತನ್ನ ಹನ್ನೊಂದು ಹೆಸರುಗಳನ್ನು ಮಾತ್ರ ನೋಡುತ್ತಾನೆ. ಅವನ ಎದೆಬಡಿತವನ್ನು ನಾನು ಅಭಿಮಾನದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಗೆಲುವು ಒತ್ತಡವನ್ನು ಇಳಿಸುತ್ತದೆ ಎಂದು ನಂಬಿದ್ದೆವು. 2025ರ ಜೂನ್ 4 ಆ ನಂಬಿಕೆಯನ್ನೂ ಕಿತ್ತುಕೊಂಡಿತು. ಹದಿನೆಂಟನೇ ಆವೃತ್ತಿಯಲ್ಲಿ ಆರ್‌ಸಿಬಿಗೆ ಕಪ್ ಬಂತು. 2009ರಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಫೈನಲ್ ಸೋತದ್ದು ಆರು ರನ್‌ಗಳಿಂದ, 2016ರಲ್ಲಿ ನಮ್ಮದೇ ಚಿನ್ನಸ್ವಾಮಿಯಲ್ಲಿ ಹೈದರಾಬಾದ್‌ಗೆ ಸೋತದ್ದು ಎಂಟು ರನ್‌ಗಳಿಂದ. ಜೂನ್ 3ರಂದು ಗೆದ್ದದ್ದೂ ಆರೇ ರನ್‌ಗಳಿಂದ. ಇಷ್ಟು ವರ್ಷ ಕಟ್ಟಿಕೊಂಡಿದ್ದ ಉಸಿರು ಒಮ್ಮೆಲೇ ಹೊರಬಂತು. ರಬಕವಿಯಲ್ಲಿ ಆ ರಾತ್ರಿ ಪಟಾಕಿ ಸದ್ದು ಮಗ್ಗದ ಸದ್ದನ್ನು ಮುಚ್ಚಿಹಾಕಿತ್ತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಬಹುತೇಕರು ನಮ್ಮ ವಯಸ್ಸಿನವರು, ನಮಗಿಂತ ಚಿಕ್ಕವರೂ ಇದ್ದರು. ಯಾರ ತಪ್ಪು ಎಂಬ ಚರ್ಚೆ ಪೊಲೀಸು, ಸಂಘಟಕರು, ಸರ್ಕಾರ, ಕೋರ್ಟು ಎಂದು ಓಡಾಡಿತು. ಅಭಿಮಾನಿಗಳಿಗೆ ಬುದ್ಧಿ ಇಲ್ಲ ಎಂದು ಸುಲಭವಾಗಿ ಹೇಳಿದವರೂ ಇದ್ದರು. ಆ ಮಾತು ನನಗೆ ಒಪ್ಪಿಗೆಯಿಲ್ಲ. ಲಕ್ಷಾಂತರ ಜನರ ಭಾವನೆಯನ್ನು ಟಿಕೆಟ್, ಜೆರ್ಸಿ, ಜಾಹೀರಾತಾಗಿ ಮಾರುವಾಗ ಅದು ಎಷ್ಟು ದೊಡ್ಡದು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಅದೇ ಭಾವನೆ ಗೇಟಿನ ಮುಂದೆ ಬಂದು ನಿಂತಾಗ ಎಷ್ಟು ಗೇಟು ಬೇಕು, ಎಷ್ಟು ಅಗಲ ಬೇಕು ಎಂಬ ಲೆಕ್ಕ ಮಾತ್ರ ಯಾರ ಬಳಿಯೂ ಇರಲಿಲ್ಲ. ಸಿವಿಲ್ ವಿಭಾಗದ ನನ್ನ ಗೆಳೆಯನ ಪ್ರಕಾರ ಜನಸಂದಣಿಯ ಹರಿವು ನೀರಿನ ಹರಿವಿನ ಹಾಗೆ ಲೆಕ್ಕ ಹಾಕಬಹುದಾದ ವಿಷಯ. ಅದೇ ನನಗೆ ಹೆಚ್ಚು ಬೇಸರ ತರಿಸುತ್ತದೆ.

ಅದೇ ಬೇಸಿಗೆಯಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಇನ್ನೊಂದು ಬಗೆಯ ಒತ್ತಡ ಶುರುವಾಯಿತು. ಪಂದ್ಯ ಸೋಲುತ್ತೇವೋ ಎಂಬುದಲ್ಲ, ಪಂದ್ಯ ಇರುತ್ತದೆಯೋ ಎಂಬುದು. ಐಎಸ್‌ಎಲ್ ನಡೆಸುತ್ತಿದ್ದ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಮುಂದೇನು ಎಂಬುದು ಇತ್ಯರ್ಥವಾಗದ ಕಾರಣ ಜುಲೈನಲ್ಲಿ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ನವೆಂಬರ್‌ನಲ್ಲಿ ಫೆಡರೇಷನ್ ಕರೆದ ಟೆಂಡರ್‌ಗೆ ಒಂದೂ ಬಿಡ್ ಬರಲಿಲ್ಲ. 2026ರ ಜನವರಿಯ ಆರಂಭದಲ್ಲಿ ಚೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಝಿಂಗನ್ ಅಂಥವರೇ ವಿಡಿಯೊ ಮಾಡಿ ಫಿಫಾ ಮಧ್ಯಪ್ರವೇಶಿಸಬೇಕು ಎಂದು ಕೇಳಿಕೊಂಡರು. ದೇಶದ ಅತಿ ಹೆಚ್ಚು ಗೋಲು ಹೊಡೆದ ಮನುಷ್ಯ ಕೆಲಸ ಕೊಡಿ ಎನ್ನುವ ಧಾಟಿಯಲ್ಲಿ ಕ್ಯಾಮೆರಾ ಮುಂದೆ ಕುಳಿತದ್ದನ್ನು ನೋಡುವುದು ಯಾವ ಫೈನಲ್ ಸೋಲಿಗಿಂತ ಕಷ್ಟವಾಗಿತ್ತು.

ಉದ್ಯೋಗಕ್ಕೆ ಓದುತ್ತಿರುವವರಿಗೆ ಈ ಕಥೆ ಹೊಸದೇನಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದವರು, ಅಕ್ರಮ ಬಯಲಾಗಿ ಅದು ರದ್ದಾದ ಮೇಲೆ, ಮತ್ತೆ ಬರೆದದ್ದು 2024ರ ಜನವರಿಯಲ್ಲಿ. ನಡುವಿನ ಎರಡು ವರ್ಷ ಅವರು ಓಡುತ್ತಲೇ ಇದ್ದರು. ದೈಹಿಕ ಪರೀಕ್ಷೆಗೆಂದು ಬೆಳಗಿನ ಜಾವ ನಮ್ಮೂರ ಹೈಸ್ಕೂಲ್ ಮೈದಾನ ಸುತ್ತುವ ಅಣ್ಣಂದಿರನ್ನು ನಾನು ನೋಡುತ್ತಲೇ ಬೆಳೆದವನು. ದಿನಾಂಕ ಇಲ್ಲದ ಪರೀಕ್ಷೆಗೆ ಮೈ ಹುರಿಗೊಳಿಸಿ ಇಟ್ಟುಕೊಳ್ಳುವುದು, ದಿನಾಂಕ ಇಲ್ಲದ ಲೀಗಿಗೆ ಆಟಗಾರ ತಾಲೀಮು ಮಾಡುವುದು, ಎರಡರಲ್ಲೂ ಕಾಯುವಿಕೆಯೇ ಮೈ ತಿನ್ನುತ್ತದೆ. ಆಟಗಾರನ ವೃತ್ತಿ ಹತ್ತು–ಹದಿನೈದು ವರ್ಷದ್ದು. ಅದರಲ್ಲಿ ಅರ್ಧ ವರ್ಷ ಸುಮ್ಮನೆ ಹೋಯಿತೆಂದರೆ ವಯೋಮಿತಿ ಮೀರಿದ ಅಭ್ಯರ್ಥಿಗೆ ಆಗುವಂಥದ್ದೇ. ಸೋತರೆ ಮುಂದಿನ ಪಂದ್ಯ ಎನ್ನಬಹುದು. ಮುಂದಿನ ಪಂದ್ಯವೇ ಇಲ್ಲದಿದ್ದರೆ ಏನನ್ನಬೇಕು?

ಕೊನೆಗೆ ಕೇಂದ್ರ ಕ್ರೀಡಾ ಸಚಿವಾಲಯ ನಡುವೆ ಬಂದು, 2026ರ ಫೆಬ್ರುವರಿ 14ರಿಂದ ಲೀಗ್ ಶುರು ಎಂದಾಯಿತು. ಹದಿನಾಲ್ಕು ತಂಡ, ಒಬ್ಬರೊಂದಿಗೆ ಒಂದೇ ಸಲ, ಒಟ್ಟು 91 ಪಂದ್ಯ. ಹಿಂದಿನ ಸಲ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 24 ಪಂದ್ಯ ಸಿಕ್ಕಿದ್ದವು, ಈಗ 13. ಪಂದ್ಯ ಕಡಿಮೆಯಾದರೆ ಒತ್ತಡವೂ ಕಡಿಮೆ ಎಂದುಕೊಂಡರೆ ಲೆಕ್ಕ ತಪ್ಪು. ಪ್ರತಿ ಪಂದ್ಯದ ತೂಕ ಸುಮಾರು ಎರಡು ಪಟ್ಟು ಆಯಿತು ಅಷ್ಟೇ. ಮೊದಲ ಇಂಟರ್ನಲ್‌ನಲ್ಲಿ ಹೋದರೂ ಎರಡನೆಯದರಲ್ಲಿ ಎತ್ತಿಕೊಳ್ಳಬಹುದು ಎನ್ನುವ ಧೈರ್ಯ ಇನ್ನಿಲ್ಲ.

ಇಷ್ಟೆಲ್ಲ ಸಂಕಟ ಯಾಕೆ ಎಂದು ಕೇಳುವವರಿಗೆ ನಾನು ಹೇಳುವ ಉದಾಹರಣೆ ಒಂದಿದೆ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು–ಕೇರಳ ಬ್ಲಾಸ್ಟರ್ಸ್ ನಾಕೌಟ್ ಪಂದ್ಯ ನಡೆಯಿತು. ಗೋಡೆ ಕಟ್ಟುವ ಮೊದಲೇ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ಬ್ಲಾಸ್ಟರ್ಸ್ ಸಿಟ್ಟಿಗೆದ್ದು ಮೈದಾನ ಬಿಟ್ಟರು. ಅದರ ಜಗಳ ವಾರಗಟ್ಟಲೆ ನಡೆಯಿತು, ನನ್ನ ಮಲಯಾಳಿ ಗೆಳೆಯನೊಂದಿಗೆ ಇವತ್ತಿಗೂ ಇದೆ. ಮರುದಿನವೇ, ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯಕ್ಕೆ ಅದು 54 ವರ್ಷಗಳ ನಂತರ ಬಂದ ಟ್ರೋಫಿ. ಹಿಂದೆ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಆ ಪಂದ್ಯಕ್ಕಾಗಿ ನಮ್ಮ ಕಡೆ ಯಾರೂ ಊಟ ಬಿಡಲಿಲ್ಲ, ಯಾರ ಎದೆಯೂ ಬಡಿಯಲಿಲ್ಲ. ಸುದ್ದಿ ಕ್ರೀಡಾ ಪುಟದಲ್ಲಿ ಬಂತು, ಹೋಯಿತು. ಆಡಿದವರು ನಮ್ಮದೇ ರಾಜ್ಯದ ತಂಡದವರು. ಒತ್ತಡವೇ ಇಲ್ಲದೆ ಸಿಕ್ಕ ಆ ಕಪ್ ಯಾರಿಗೂ ನೆನಪಿಲ್ಲ.

ಕಾಕಾಗೆ ಈ ಸಂತೋಷ್ ಟ್ರೋಫಿ ಕಥೆ ಹೇಳಿದೆ. ಪೂರ್ತಿ ಕೇಳಿದರು. ಮಗ್ಗಕ್ಕೆ ನೂಲು ಸರಿಮಾಡುತ್ತಾ, ‘ಐವತ್ನಾಕ ವರ್ಷಕ್ಕ ಗೆದ್ದರ ಒಂದು ಮೆರವಣಿಗಿನೂ ಮಾಡಲಿಲ್ಲೇನೋ?’ ಅಂದರು. ಆಮೇಲೆ, ಮುಂದಿನ ಪಂದ್ಯ ಯಾವತ್ತು ಎಂದು ಕೇಳಿದರು.